ಮುಂಜಾನೆ ತೆಗೆದ ಹೆಸರು, ಸಂಜೆ ತಟ್ಟಿದ ಬಾಗಿಲು

ಪ್ರಾರ್ಥನೆ, ದಯೆ, ಕ್ಷಮೆ. ಕ್ರೈಸ್ತ ವಿಶ್ವಾಸದ ಈ ಮೂರನ್ನೂ ಮನೆ, ಓಣಿ, ಕಚೇರಿಗಳಲ್ಲಿ ದಿನನಿತ್ಯ ನಡೆಸುವುದು ಹೇಗೆ? ಇವತ್ತಿನಿಂದಲೇ ಶುರುಮಾಡಬಹುದಾದ ಕೆಲವು ರೂಢಿಗಳು ಇಲ್ಲಿವೆ.

ಬೆಟಗೇರಿಯ ನಮ್ಮ ಅಡುಗೆಮನೆಯಲ್ಲಿ ಸಾಸಿವೆ, ಜೀರಿಗೆ ಡಬ್ಬಿಗಳ ಪಕ್ಕ ನೂರು ಪುಟದ ಒಂದು ನೋಟ್‌ಬುಕ್ ಇರುತ್ತಿತ್ತು. ಅದರ ಮೇಲೆ ಎಣ್ಣೆ ಬೆರಳಿನ ಗುರುತು, ಅಲ್ಲಲ್ಲಿ ಅರಿಸಿನದ ಕಲೆ. ನೋಡಿದವರು ಕಿರಾಣಿ ಲೆಕ್ಕ ಅಂದುಕೊಳ್ಳಬೇಕು. ಅದು ಅವ್ವನ ಪ್ರಾರ್ಥನೆಯ ಪುಸ್ತಕ. ಒಂದು ಸಾಲಿಗೆ ಒಂದು ಹೆಸರು: ಆಸ್ಪತ್ರೆ ಸೇರಿದ ಮಗ್ಗದ ಕೆಲಸಗಾರ, ನಿಶ್ಚಯವಾದ ಮದುವೆ ಮುರಿದುಬಿದ್ದ ಹುಡುಗಿ, ಪರೀಕ್ಷೆಗೆ ಕೂತ ಎದುರುಮನೆಯ ಹುಡುಗ. ಮುಂಜಾನೆ ಚಹಾಕ್ಕೆ ನೀರಿಟ್ಟು, ಅದು ಕುದಿಯುವಷ್ಟರಲ್ಲಿ ಅವ್ವ ಐದಾರು ಹೆಸರು ಓದಿ ಕಣ್ಣು ಮುಚ್ಚುತ್ತಿದ್ದಳು. ಸಂಜೆ ಆ ಹೆಸರುಗಳಲ್ಲಿ ಒಂದರ ಮುಂದೆ ಪೆನ್ಸಿಲ್ಲಿನಿಂದ ಸಣ್ಣ ಗೀಟು ಎಳೆಯುತ್ತಿದ್ದಳು. ಪ್ರಾರ್ಥನೆ ಈಡೇರಿತು ಎಂಬ ಗುರುತಲ್ಲ ಅದು. ಅವರ ಮನೆಗೆ ಹೋಗಿ ಬಂದೆ ಎಂಬುದರ ಗುರುತು.

“ಮುಂಜಾನಿ ಯಾರ ಹೆಸರ ತಗೊಂತೀವೋ, ಸಂಜಿಗೆ ಅವರ ಬಾಗಿಲಿಗೆ ಹೋಗಬೇಕವಾ. ಇಲ್ಲಾಂದ್ರ ಪ್ರಾರ್ಥನಿ ಅರ್ಧಾನ ಆತು,” ಅನ್ನುತ್ತಿದ್ದಳು.

1841ರಲ್ಲಿ ಬಾಸೆಲ್ ಮಿಷನ್ ನೆಲೆಯೂರಿದ ಊರು ಬೆಟಗೇರಿ. ಅಲ್ಲಿ ಚರ್ಚಿನ ಗಂಟೆ, ಸಂಡೇ ಸ್ಕೂಲು, ಕ್ರಿಸ್ಮಸ್ ಹಾಡುಗಳ ನಡುವೆಯೇ ನಾನು ಬೆಳೆದೆ. ಎಷ್ಟೋ ಪ್ರಸಂಗ ಕೇಳಿದ್ದೇನೆ. ಆದರೂ ನಂಬಿಕೆ ಬದುಕಾಗುವುದು ಹೇಗೆ ಎಂದು ನನಗೆ ಕಲಿಸಿದ್ದು ಆ ಪೆನ್ಸಿಲ್ ಗೀಟು. ಪ್ರಾರ್ಥನೆಯಲ್ಲಿ ಒಬ್ಬರ ಹೆಸರು ಬಾಯಿಗೆ ಬಂದರೆ, ದಯೆಯಲ್ಲಿ ಅದೇ ಹೆಸರಿನವರ ಬಾಗಿಲಿಗೆ ಕಾಲು ಹೋಗುತ್ತದೆ. ಆ ಬಾಗಿಲಿಗೂ ನಮಗೂ ನಡುವೆ ಹಳೆಯ ಸಿಟ್ಟು ಅಡ್ಡ ಬಿದ್ದಿದ್ದರೆ ಅದನ್ನು ಎತ್ತಿ ಪಕ್ಕಕ್ಕಿಡುವುದೇ ಕ್ಷಮೆ. ಮೂರೂ ಒಂದೇ ದಾರಿಯ ಮೂರು ಹೆಜ್ಜೆಗಳು.

ಮೊದಲ ಹೆಜ್ಜೆ: ಹೆಸರು ಹಿಡಿದು ಪ್ರಾರ್ಥನೆ

“ಹೊತ್ತೇ ಸಿಗುವುದಿಲ್ಲ” ಎಂಬುದು ನಮ್ಮೆಲ್ಲರ ದೂರು. ಹೊಸದಾಗಿ ಹೊತ್ತು ಹುಡುಕಬೇಡಿ. ದಿನಾ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಪ್ರಾರ್ಥನೆಯನ್ನು ಗಂಟು ಹಾಕಿ. ಚಹಾಕ್ಕೆ ನೀರು ಇಡುವುದು, ಬಸ್ಸಿಗೆ ಕಾಯುವುದು, ಅಂಗಡಿಯ ಶಟರ್ ಎತ್ತುವುದು, ಯಾವುದಾದರೂ ಆದೀತು. ಪ್ಯಾರಿಸ್ಸಿನ ಕಾರ್ಮೆಲ್ ಮಠದ ಬ್ರದರ್ ಲಾರೆನ್ಸ್ (ನಿಧನ 1691) ವರ್ಷಗಟ್ಟಲೆ ದುಡಿದದ್ದು ಮಠದ ಅಡುಗೆಮನೆಯಲ್ಲಿ. ಆ ಕೆಲಸ ಅವರಿಗೆ ಸ್ವಭಾವತಃ ಹಿಡಿಸುತ್ತಿರಲಿಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆ ದೇವರ ಜೊತೆ ಮಾತಾಡುವುದನ್ನು ಅವರು ರೂಢಿ ಮಾಡಿಕೊಂಡರು. ಅವರ ಮಾತುಗಳನ್ನೂ ಪತ್ರಗಳನ್ನೂ ಸೇರಿಸಿದ ಸಣ್ಣ ಪುಸ್ತಕವನ್ನು ಜನ ಇಂದಿಗೂ ಓದುತ್ತಾರೆ.

ಐದು ಹೆಸರುಗಳಿಂದ ಶುರುಮಾಡಿ:

1. ಮನೆಯವರಲ್ಲಿ ಒಬ್ಬರು.
2. ಕಾಯಿಲೆ, ಸಾಲ ಅಥವಾ ದುಃಖದಲ್ಲಿರುವ ಒಬ್ಬರು.
3. ನಿಮ್ಮ ಚರ್ಚಿಗೆ ಸೇರದ, ಬೇರೆ ಧರ್ಮದ ಒಬ್ಬ ನೆರೆಯವರು.
4. ದಿನಾ ಎದುರಾದರೂ ನೀವು ಹೆಸರು ಕೇಳದ ಒಬ್ಬರು. ಹಾಲು ಹಾಕುವವರು, ಪೌರಕಾರ್ಮಿಕರು, ಅಪಾರ್ಟ್‌ಮೆಂಟಿನ ವಾಚ್‌ಮನ್. ಅವರ ಹೆಸರು ಕೇಳಿ ತಿಳಿದುಕೊಳ್ಳುವುದೇ ಪ್ರಾರ್ಥನೆಯ ಮೊದಲ ಫಲ.
5. ನೆನೆದರೆ ನಿಮ್ಮ ಮೈ ಉರಿಯುವ ಒಬ್ಬರು.

ಆಡುವ ಮಾತಿನಲ್ಲೇ ಪ್ರಾರ್ಥಿಸಿ. ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂತು. ಆ ಕಷ್ಟವನ್ನೆಲ್ಲ ಅವರು ಪಟ್ಟದ್ದು ದೇವರ ಮಾತು ನಮ್ಮ ಮಾತಿನಲ್ಲಿ ಸಿಗಲಿ ಎಂದು. ಹೀಗಿರುವಾಗ ನಾವು ದೇವರ ಜೊತೆ ಮಾತಾಡಲು ಗ್ರಾಂಥಿಕ ಭಾಷೆಯನ್ನು ಎರವಲು ತರಬೇಕಾಗಿಲ್ಲ. ಧಾರವಾಡದವರು ಧಾರವಾಡದ ಮಾತಿನಲ್ಲಿ, ಮಂಡ್ಯದವರು ಮಂಡ್ಯದ ಮಾತಿನಲ್ಲಿ, ಮನೆಮಾತು ಕೊಂಕಣಿ, ತುಳು, ಉರ್ದು, ತಮಿಳು ಆದವರು ಅದರಲ್ಲೇ ಹೇಳಿಕೊಳ್ಳಲಿ.

ಏನು ಹೇಳಬೇಕೆಂದು ತೋಚದಿದ್ದರೆ ಯೇಸು ಕಲಿಸಿದ ಪ್ರಾರ್ಥನೆಯೇ ಚೌಕಟ್ಟು. ಅದನ್ನು ನಿಧಾನವಾಗಿ ಹೇಳಿ ನೋಡಿ. ಅದರಲ್ಲಿ ಎಲ್ಲೂ ‘ನಾನು’ ಇಲ್ಲ, ‘ನನ್ನ’ ಇಲ್ಲ. ತಂದೆ ನಮ್ಮ ತಂದೆ, ಅನ್ನ ನಮ್ಮ ಅನ್ನ, ತಪ್ಪು ನಮ್ಮ ತಪ್ಪು. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಪ್ರಾರ್ಥಿಸಿ ಎಂದು ಮತ್ತಾಯನ 6ನೇ ಅಧ್ಯಾಯದಲ್ಲಿ ಹೇಳಿದ ಯೇಸುವೇ, ಅದೇ ಅಧ್ಯಾಯದಲ್ಲಿ ಈ ಬಹುವಚನದ ಪ್ರಾರ್ಥನೆಯನ್ನೂ ಕಲಿಸಿದ್ದಾನೆ. ಒಬ್ಬರೇ ಕೂತಿದ್ದರೂ ಓಣಿಯವರನ್ನೆಲ್ಲ ಜೊತೆಗೆ ಕೂರಿಸಿಕೊಂಡೇ ಬೇಡಬೇಕು. ‘ನಮ್ಮ ಅನ್ನ’ ಎಂದು ಬೇಡಿದವನು ಪಕ್ಕದ ಮನೆಯ ಒಲೆ ಹತ್ತಿದೆಯೇ ಎಂದು ನೋಡದೆ ಏಳುವ ಹಾಗಿಲ್ಲ.

ದುಃಖದಲ್ಲಿ ಮಾತೇ ಹೊರಡದ ದಿನಗಳೂ ಬರುತ್ತವೆ. ಆಗ 150 ಕೀರ್ತನೆಗಳಲ್ಲಿ ಒಂದನ್ನು ತೆರೆದು ಗಟ್ಟಿಯಾಗಿ ಓದಿ. ಅವುಗಳಲ್ಲಿ ಅಳು, ದೂರು, ಜಗಳ ಎಲ್ಲವೂ ಇವೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಸಾಲೂ ಇಲ್ಲ. ಅಂಥ ಅಳುವನ್ನೂ ಪವಿತ್ರ ಗ್ರಂಥ ತನ್ನೊಳಗೆ ಇಟ್ಟುಕೊಂಡಿದೆ. ನಿಮ್ಮ ಅಳುವಿಗೂ ಅಲ್ಲಿ ಜಾಗವಿದೆ.

ರಾತ್ರಿ ಮಲಗುವ ಮೊದಲು ಐದು ನಿಮಿಷ ದಿನವನ್ನು ಹಿಂತಿರುಗಿ ನೋಡಿ. ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲ ಹದಿನಾರನೇ ಶತಮಾನದಲ್ಲಿ ತನ್ನ ಸಂಗಡಿಗರಿಗೆ ಕಲಿಸಿದ ರೂಢಿ ಇದು. ಇವತ್ತು ಯಾವುದಕ್ಕೆ ಕೃತಜ್ಞತೆ ಹೇಳಬೇಕು? ಯಾರ ಮೇಲೆ ಸಿಡುಕಿದೆ? ಯಾರನ್ನು ಕಂಡೂ ಕಾಣದಂತೆ ದಾಟಿಬಂದೆ? ನಾಳೆ ಯಾವುದನ್ನು ಸರಿಮಾಡಬಲ್ಲೆ? ಮಕ್ಕಳಿರುವ ಮನೆಯಲ್ಲಿ ಊಟದ ಹೊತ್ತಿಗೆ ಮೊದಲ ಪ್ರಶ್ನೆಯೊಂದನ್ನೇ ಎಲ್ಲರಿಗೂ ಕೇಳಿ. ಮಕ್ಕಳೇ ಮುಂದಾಗಿ ಹೇಳುತ್ತಾರೆ.

ಎರಡನೇ ಹೆಜ್ಜೆ: ಕೈಯಿಂದ, ಕಾಲಿನಿಂದ ದಯೆ

ಲೂಕನ 10ನೇ ಅಧ್ಯಾಯದ ಒಳ್ಳೆಯ ಸಮಾರ್ಯದವನ ಕತೆ ಕ್ರೈಸ್ತರಲ್ಲದವರಿಗೂ ಗೊತ್ತು. ಅದನ್ನೊಮ್ಮೆ ಕೆಲಸಗಳ ಪಟ್ಟಿಯ ಹಾಗೆ ಓದಿ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಅವನು ನೋಡಿದ. ಹತ್ತಿರ ಹೋದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ವಾಹನದ ಮೇಲೆ ಕೂರಿಸಿದ. ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿದ. ಮಾರನೆಯ ದಿನ ಛತ್ರದವನ ಕೈಗೆ ಎರಡು ದಿನಾರಿ, ಅಂದರೆ ಆ ಕಾಲದ ಎರಡು ದಿನದ ಕೂಲಿ ಕೊಟ್ಟ. ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆಂದು ಮಾತು ಕೊಟ್ಟ.

ಇದರಲ್ಲಿ ನಮಗೆ ಮೂರು ಪಾಠಗಳಿವೆ. ಮೊದಲನೆಯದು, ಅವನು ತನ್ನ ಕೈಲಿದ್ದುದನ್ನೇ ಬಳಸಿದ. ಎರಡನೆಯದು, ಎಲ್ಲವನ್ನೂ ತಾನೇ ಹೊತ್ತುಕೊಳ್ಳದೆ ನೋಡಿಕೊಳ್ಳಬಲ್ಲವರಿಗೆ ಒಪ್ಪಿಸಿದ, ತನ್ನ ಪ್ರಯಾಣವನ್ನೂ ಮುಂದುವರಿಸಿದ. ಮೂರನೆಯದು, ತಿರುಗಿ ಬಂದು ವಿಚಾರಿಸುವ ಹೊಣೆ ಇಟ್ಟುಕೊಂಡ. ಇನ್ನೊಂದನ್ನೂ ಗಮನಿಸಬೇಕು: ಬಿದ್ದವನ ಜಾತಿ, ಮತ ಯಾವುದೆಂದು ಅವನು ಕೇಳಲಿಲ್ಲ, ಪ್ರತಿಯಾಗಿ ಏನನ್ನೂ ಬೇಡಲಿಲ್ಲ. ಷರತ್ತು ಹಾಕಿದ ದಯೆ ವ್ಯಾಪಾರವಾಗುತ್ತದೆ.

ನಮ್ಮ ಊರುಗಳಲ್ಲಿ ಹೀಗೆ ಮಾಡಬಹುದು.

ರೋಗಿಯನ್ನು ನೋಡಲು ಹೋದಾಗ: ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ. ನಿಮಗೆ ಗೊತ್ತಿರುವವರಿಗೆ ಇದೇ ಕಾಯಿಲೆಯಲ್ಲಿ ಏನಾಯಿತು ಎಂಬ ಕತೆ ಬೇಡ. “ಎಲ್ಲ ದೇವರ ಚಿತ್ತ” ಎಂಬ ಮಾತನ್ನು ನೋವಿನಲ್ಲಿರುವವರ ಮುಂದೆ ನುಂಗಿಕೊಳ್ಳಿ. ಪ್ರಾರ್ಥಿಸುವ ಮೊದಲು “ಪ್ರಾರ್ಥನೆ ಮಾಡಲೇ?” ಎಂದು ಕೇಳಿ. ಬೇಡವೆಂದರೆ ಬೇಸರಿಸದೆ ಮನೆಗೆ ಬಂದು ಪ್ರಾರ್ಥಿಸಿ. ರೋಗಿಯಷ್ಟೇ ದಣಿದಿರುವವರು ಮಂಚದ ಪಕ್ಕ ಕೂತವರು. ಅವರನ್ನು ಎರಡು ತಾಸು ಮನೆಗೆ ಕಳಿಸಿ ನೀವು ಕೂತುಕೊಂಡರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸಾವಿನ ಮನೆಗೆ: ಮೊದಲ ಮೂರು ದಿನ ಊಟ ತರುವವರು ಬಹಳ ಜನ. ಇಪ್ಪತ್ತನೇ ದಿನ ಯಾರೂ ಇರುವುದಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡು ಆ ದಿನ ಹೋಗಿ.

ಹಿಡಿ ಅಕ್ಕಿ: ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಂಗಸರು 1910ರಲ್ಲಿ ಒಂದು ರೂಢಿ ಶುರುಮಾಡಿದರು. ಪ್ರತಿ ಸಲ ಅನ್ನಕ್ಕಿಡುವಾಗ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುವುದು. ಸೇರಿದ ಅಕ್ಕಿಯನ್ನು ಮಾರಿ ಆ ಹಣವನ್ನು ಸಭೆಯ ಸೇವೆಗೆ ಬಳಸುವುದು. ಅದು ಇಂದಿಗೂ ನಡೆದಿದೆ. ಅವರಲ್ಲಿ ಬಡವರಿಗೂ ಒಂದು ಹಿಡಿ ಭಾರವಾಗಲಿಲ್ಲ. ನಮ್ಮಲ್ಲಿ ಅಕ್ಕಿಯಾಗಲಿ, ಜೋಳದ ಹಿಟ್ಟಾಗಲಿ, ರಾಗಿಯಾಗಲಿ ತೆಗೆದಿಡಬಹುದು. ತಿಂಗಳ ಕೊನೆಗೆ ಡಬ್ಬಿ ಯಾರ ಮನೆಗೆ ಹೋಗಬೇಕೆಂದು ಮಕ್ಕಳೇ ಹೇಳಲಿ.

ಕೂಲಿ, ಸಂಬಳ: ದಯೆಗಿಂತ ಮೊದಲು ನ್ಯಾಯ. ಮನೆಗೆಲಸದವರಿಗೆ ಹೇಳಿದ ದಿನ ಸಂಬಳ, ವಾರಕ್ಕೊಂದು ರಜೆ, ಕಾಯಿಲೆ ಬಿದ್ದ ದಿನಕ್ಕೂ ಹಣ. ಕೂಲಿಯನ್ನು ತಡೆಹಿಡಿದ ಹೊಲದೊಡೆಯರ ಮೇಲೆ ಯಾಕೋಬನ ಪತ್ರ ಹರಿಹಾಯ್ದಷ್ಟು ಕಟುವಾಗಿ ಹೊಸ ಒಡಂಬಡಿಕೆ ಮಾತಾಡುವುದು ಅಪರೂಪ.

ಹಬ್ಬದ ತಟ್ಟೆ: ಕರಾವಳಿಯ ಕಥೋಲಿಕರು ಕ್ರಿಸ್ಮಸ್ಸಿಗೆ ನೆರೆಹೊರೆಯವರಿಗೆಲ್ಲ ಕುಸ್ವಾರ್ ತಿಂಡಿಗಳನ್ನು ಹಂಚುತ್ತಾರೆ. ನಮ್ಮ ಕಡೆ ಕರ್ಚಿಕಾಯಿ, ಚಕ್ಕಲಿ ಹೋಗುತ್ತವೆ. ಈ ಸಲ ಒಂದು ತಟ್ಟೆ ಹೆಚ್ಚು ಕಟ್ಟಿ. ಅದು ಇದುವರೆಗೆ ನೀವು ಹೋಗದ ಮನೆಗೆ ಹೋಗಲಿ.

ಸಣ್ಣದಾಯಿತಲ್ಲ ಎಂಬ ಅಳುಕು ಬೇಡ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪಥಿ ಔಷಧ ಹಂಚತೊಡಗಿದರು. ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಎದ್ದಿತು. ಇಂದು ಅದು ದೊಡ್ಡ ಆಸ್ಪತ್ರೆ, ವೈದ್ಯಕೀಯ ಕಾಲೇಜು. ಎಲ್ಲ ಸಣ್ಣ ಕೆಲಸವೂ ಹೀಗೆ ಬೆಳೆಯಬೇಕೆಂದಿಲ್ಲ. ಆದರೆ ಅವರೂ ಶುರುಮಾಡಿದ್ದು ಕೈಗೆ ಸಿಕ್ಕಷ್ಟರಿಂದಲೇ.

ಮೂರನೇ ಹೆಜ್ಜೆ: ಸಾಲ ಮನ್ನಾ

ಪಟ್ಟಿಯ ಐದನೇ ಹೆಸರಿಗೆ ಬರೋಣ. ಕಷ್ಟವಿರುವುದು ಇಲ್ಲೇ.

ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಾವು ‘ತಪ್ಪು’ ಎನ್ನುವ ಕಡೆ ಮತ್ತಾಯನ ಗ್ರೀಕ್ ಮೂಲದಲ್ಲಿರುವ ಪದದ ಅರ್ಥ ‘ಸಾಲ’. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಷಮೆ ಎಂದರೆ ಸಾಲ ಮನ್ನಾ. ಬಾಕಿ ಇಲ್ಲವೆಂದಲ್ಲ. ಬಾಕಿ ಇದೆ, ಆದರೆ ವಸೂಲಿಗೆ ಹೋಗುವುದಿಲ್ಲ ಎಂದು.

ಮತ್ತಾಯನ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕತೆಯಲ್ಲೂ ಲೆಕ್ಕವಿದೆ. ಒಬ್ಬ ಸೇವಕ ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಅರಸ ಅದನ್ನೆಲ್ಲ ಬಿಟ್ಟುಬಿಟ್ಟ. ಹೊರಗೆ ಬಂದ ಆ ಸೇವಕ, ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಾರಿ, ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ದಿನಗೂಲಿ 500 ರೂಪಾಯಿ ಎಂದು ಹಿಡಿದರೆ ಅರಸ ಬಿಟ್ಟದ್ದು ಮೂರು ಸಾವಿರ ಕೋಟಿ, ಸೇವಕ ಕುತ್ತಿಗೆ ಹಿಡಿದದ್ದು ಐವತ್ತು ಸಾವಿರಕ್ಕೆ. ಐವತ್ತು ಸಾವಿರವೂ ಬಡವನಿಗೆ ಸಣ್ಣ ಮೊತ್ತವಲ್ಲ. ನಿನಗಾದ ನೋವು ಏನೂ ಅಲ್ಲ ಎಂದು ಯೇಸು ಹೇಳಲಿಲ್ಲ. ನೀನು ಪಡೆದದ್ದನ್ನು ಪಕ್ಕದಲ್ಲಿಟ್ಟು ನೋಡು ಎಂದ.

ಇದನ್ನು ನಾನು ಕಲಿತದ್ದು ತಡವಾಗಿ. ಅವ್ವ ತೀರಿಕೊಂಡ ಮೇಲೆ ಅವಳ ಎರಡು ಪಾಟ್ಲಿ ಬಳೆಗಳ ವಿಷಯಕ್ಕೆ ನನಗೂ ವೈನಿಗೂ, ಅಂದರೆ ಅಣ್ಣನ ಹೆಂಡತಿಗೂ, ಮಾತು ನಿಂತಿತು. ಅವು ನನ್ನ ಮಗಳಿಗೆ ಎಂದು ಅವ್ವ ಹೇಳಿದ್ದಳು. ವೈನಿ ಕೊಡಲಿಲ್ಲ. ಹನ್ನೊಂದು ತಿಂಗಳು ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ. ಅವ್ವನ ರೂಢಿಯಂತೆ ನಾನೂ ಪುಸ್ತಕ ಇಟ್ಟಿದ್ದೆ. ಐದನೇ ಸಾಲಿನಲ್ಲಿ ವೈನಿಯ ಹೆಸರು ಬರೆದೆ. ಮೊದಲ ವಾರ ಹೆಸರು ಓದುವುದಷ್ಟೇ ಆಯಿತು, ಮುಂದೆ ಬಾಯಿ ಬರಲಿಲ್ಲ. ಹೆಸರು ಬರೆದ ಎರಡನೇ ತಿಂಗಳಲ್ಲಿ ಒಂದು ಮುಂಜಾನೆ, ಯಾಕೋ, ಹಾಸಿಗೆ ಹಿಡಿದ ಅವ್ವನ ಬೆನ್ನಿನ ಹುಣ್ಣು ನೆನಪಾಯಿತು. ನಾಲ್ಕು ತಿಂಗಳು ಅದನ್ನು ದಿನಾ ತೊಳೆದು ಔಷಧ ಹಚ್ಚಿದವರು ವೈನಿ. ನಾನು ಹೋಗುತ್ತಿದ್ದದ್ದು ಭಾನುವಾರಕ್ಕೊಮ್ಮೆ.

ಅವತ್ತು ಒಂದು ಕಾಗದದಲ್ಲಿ ಲೆಕ್ಕ ಬರೆದೆ. ವೈನಿ ನನಗೆ ಕೊಡಬೇಕಾದದ್ದು ಎರಡು ಪಾಟ್ಲಿ, ಒಂದು ಬಿರುಸು ಮಾತಿಗೆ ಕ್ಷಮೆ. ಅಷ್ಟೇ. ಹನ್ನೊಂದು ತಿಂಗಳಿಂದ ಅದಕ್ಕೆ ಬಡ್ಡಿ, ಚಕ್ರಬಡ್ಡಿ ಹಾಕುತ್ತ ಬಂದವಳು ನಾನೇ.

ನೀವೂ ಹೀಗೆ ಮಾಡಿ ನೋಡಿ:

1. ಆದ ಅನ್ಯಾಯವನ್ನು ಒಂದೆರಡು ವಾಕ್ಯದಲ್ಲಿ ಬರೆಯಿರಿ. ನಡೆದದ್ದಷ್ಟೇ ಇರಲಿ, ಅವರ ಮನಸ್ಸಿನಲ್ಲಿ ಏನಿತ್ತೆಂಬ ಊಹೆ ಬೇಡ.
2. ಅದರಿಂದ ನೀವು ಕಳೆದುಕೊಂಡದ್ದೇನು, ಬರೆಯಿರಿ. ನೋವನ್ನು ಮುಚ್ಚಬೇಡಿ.
3. ಅವರಿಂದ ನಿಮಗೆ ಸಿಕ್ಕ ಒಳ್ಳೆಯದನ್ನೂ, ಒಂದಾದರೂ ಇದ್ದರೆ, ಬರೆಯಿರಿ.
4. “ದೇವರೇ, ಇದನ್ನು ವಸೂಲಿ ಮಾಡುವ ಹಟವನ್ನು ನಿನ್ನ ಕೈಗೆ ಬಿಟ್ಟೆ” ಎಂದು ಬಾಯಿಬಿಟ್ಟು ಹೇಳಿ.
5. ನಾಳೆ ಸಿಟ್ಟು ಮತ್ತೆ ಬರುತ್ತದೆ. ಮತ್ತೆ ಹೇಳಿ. ಎಷ್ಟು ಸಲ ಎಂದು ಪೇತ್ರ ಕೇಳಿದಾಗ ಯೇಸು ಏಳಕ್ಕೆ ನಿಲ್ಲಿಸದೆ ಎಣಿಕೆಯೇ ತಪ್ಪುವಷ್ಟು ದೊಡ್ಡ ಸಂಖ್ಯೆ ಹೇಳಿದ್ದು ಸುಮ್ಮನೆ ಅಲ್ಲ. ಒಂದೇ ತಪ್ಪನ್ನು ನಾವು ಅಷ್ಟು ಸಲ ಕ್ಷಮಿಸಬೇಕಾಗುತ್ತದೆ.

ಕ್ಷಮೆ ಯಾವುದಲ್ಲ

ಒಂದು ಮಾತನ್ನು ಒತ್ತಿ ಹೇಳಬೇಕು. ಹೊಡೆತ ತಿನ್ನುತ್ತ ಸುಮ್ಮನಿರುವುದು ಕ್ಷಮೆಯಲ್ಲ. ಗಂಡ ಹೊಡೆಯುವ ಮನೆಯಲ್ಲಿರುವ ಹೆಣ್ಣುಮಗಳಿಗೆ, ದೌರ್ಜನ್ಯಕ್ಕೆ ಒಳಗಾದ ಮಗುವಿಗೆ “ಕ್ಷಮಿಸಿ ಹೊಂದಿಕೊಂಡು ಹೋಗು” ಎಂದು ಯಾರೇ ಹೇಳಿದರೂ, ಪೀಠದಿಂದಲೇ ಹೇಳಿದರೂ, ಅದು ತಪ್ಪು. ಮೊದಲು ಸುರಕ್ಷತೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ 14416. ಈ ಸಂಖ್ಯೆಗಳನ್ನು ಚರ್ಚಿನ ಫಲಕದ ಮೇಲೆ ಬರೆದು ಹಾಕುವುದೂ ಸೇವೆಯೇ.

ಕ್ಷಮೆಯೂ ಕಾನೂನೂ ಜೊತೆಯಾಗಿ ಸಾಗಬಲ್ಲವು ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. 1999ರ ಜನವರಿ 22ರ ರಾತ್ರಿ ಕಳೆದು ಬೆಳಗಾಗುವ ಮೊದಲು ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಹತ್ತು ಮತ್ತು ಆರು ವರ್ಷದ ಅವರ ಇಬ್ಬರು ಗಂಡುಮಕ್ಕಳನ್ನೂ ವಾಹನದಲ್ಲೇ ಸುಡಲಾಯಿತು. ಗ್ರಹಾಂ ಅವರ ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿರುವುದಾಗಿ ಬಹಿರಂಗವಾಗಿ ಹೇಳಿದರು. ನ್ಯಾಯಾಲಯ ತನ್ನ ಕೆಲಸ ಮಾಡಿತು, 2003ರಲ್ಲಿ ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು. ಗ್ಲಾಡಿಸ್ ಊರು ಬಿಟ್ಟು ಓಡಲಿಲ್ಲ. ಉಳಿದ ಒಬ್ಬ ಮಗಳೊಂದಿಗೆ ಬಾರಿಪದಾದಲ್ಲೇ ನಿಂತು ಮತ್ತೂ ಐದು ವರ್ಷ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಕ್ಷಮೆಯ ತೂಕ ಹೇಳಿದ ಮಾತಿನಲ್ಲಿದ್ದಷ್ಟೇ, ಮರುದಿನ ಎದ್ದು ರೋಗಿಗಳ ಬಳಿ ಹೋದದ್ದರಲ್ಲೂ ಇದೆ.

ಕ್ಷಮೆ ಕೇಳುವಾಗ

ಕ್ಷಮಿಸುವುದನ್ನಷ್ಟೇ ಕಲಿತರೆ ಸಾಲದು, ಕೇಳುವುದನ್ನೂ ಕಲಿಯಬೇಕು. ಕಾಣಿಕೆ ಅರ್ಪಿಸಲು ನಿಂತಾಗ ಸಹೋದರನಿಗೆ ನಿನ್ನ ಮೇಲೆ ಬೇಸರವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನಲ್ಲಿಗೆ ಹೋಗು ಎಂಬುದು ಯೇಸುವಿನ ಬೋಧನೆ.

ನಮ್ಮ ಭಾಷೆಯಲ್ಲಿ ಇದಕ್ಕೆ ನುಣುಚಿಕೊಳ್ಳುವ ದಾರಿಗಳು ಬಹಳ. “ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ದರೆ ಕ್ಷಮಿಸಿ” ಅನ್ನುತ್ತೇವೆ. ಅದರಲ್ಲಿರುವ ‘ಇದ್ದರೆ’ ಎಲ್ಲವನ್ನೂ ಅಳಿಸಿಬಿಡುತ್ತದೆ. “ತಪ್ಪಾಯಿತು” ಅಂದರೂ ತಪ್ಪು ತಾನಾಗಿಯೇ ಆದಂತೆ ಕೇಳುತ್ತದೆ. “ನಾನು ತಪ್ಪು ಮಾಡಿದೆ” ಎನ್ನಿ. ಏನು ಮಾಡಿದೆ ಎಂಬುದನ್ನು ಹೆಸರಿಸಿ. ಕಾರಣ ಕೊಡಬೇಡಿ. ಸರಿಪಡಿಸಬಹುದಾದರೆ ಸರಿಪಡಿಸಿ: ಯೆರಿಕೋವಿನ ಸುಂಕದ ಜಕ್ಕಾಯ ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವ ಮಾತು ಕೊಟ್ಟ. ಎದುರಿನವರು ಕೂಡಲೇ ಕ್ಷಮಿಸಬೇಕೆಂದು ಕಾಯಬೇಡಿ.

ಲೆಕ್ಕ ಬರೆದ ಆ ವರ್ಷದ ಕ್ರಿಸ್ಮಸ್ಸಿಗೆ ಕರ್ಚಿಕಾಯಿ ಡಬ್ಬಿ ಹಿಡಿದು ಅಣ್ಣನ ಮನೆಗೆ ಹೋದೆ. ಬಾಗಿಲು ತೆರೆದವರು ವೈನಿ. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತೆಲ್ಲ ಹಾರಿಹೋಯಿತು. ಹೇಳಲಾದದ್ದು ಇಷ್ಟೇ: “ವೈನಿ, ಅವ್ವನ ಮಣ್ಣಿನ ದಿನ ಮಂದಿ ಮುಂದ ನಿಮಗ ಬಿರುಸ ಮಾತಾಡಿದೆ. ನಾ ತಪ್ಪು ಮಾಡಿದೆ.” ಅವರು ಡಬ್ಬಿಯನ್ನೇ ನೋಡುತ್ತ ನಿಂತರು. ಆಮೇಲೆ, “ಬಿಸಿಲಾಗ ನಿಂತಿಯಲ್ಲವಾ. ಒಳಗ ಬಾ, ಚಾ ಇಡತೀನಿ,” ಅಂದರು.

ಪಾಟ್ಲಿಯ ಮಾತು ಅವತ್ತು ಬರಲಿಲ್ಲ. ಇಂದಿಗೂ ಬಂದಿಲ್ಲ. ಅವು ಅವರ ಮನೆಯಲ್ಲೇ ಇವೆ. ಆದರೆ ಬಾಗಿಲು ತೆರೆದಿದೆ.

ಮೊದಲ ವಾರಕ್ಕೆ ಒಂದು ಯೋಜನೆ

ಸೋಮವಾರ: ಒಂದು ನೋಟ್‌ಬುಕ್ ತಂದು ಐದು ಹೆಸರು ಬರೆಯಿರಿ. ಕಣ್ಣಿಗೆ ಬೀಳುವ ಜಾಗದಲ್ಲಿಡಿ.
ಮಂಗಳವಾರ: ಹೆಸರು ಗೊತ್ತಿಲ್ಲದ ಒಬ್ಬರ ಹೆಸರು ಕೇಳಿ ತಿಳಿದುಕೊಳ್ಳಿ.
ಬುಧವಾರ: ಹಿಡಿ ಅಕ್ಕಿಯ ಡಬ್ಬಿ ಇಡಿ.
ಗುರುವಾರ: ಒಬ್ಬರಿಗೆ ಫೋನ್ ಮಾಡಿ. ಕೆಲಸದ ಮಾತು ಬೇಡ, “ಹೇಗಿದ್ದೀರಿ” ಎಂದಷ್ಟೇ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ.
ಶುಕ್ರವಾರ: ಐದನೇ ಹೆಸರಿನ ಲೆಕ್ಕ ಕಾಗದದಲ್ಲಿ ಬರೆಯಿರಿ.
ಶನಿವಾರ: ಐದರಲ್ಲಿ ಒಂದು ಮನೆಗೆ ಹೋಗಿ ಬನ್ನಿ. ಬಂದು ಗೀಟು ಎಳೆಯಿರಿ.
ಭಾನುವಾರ: ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡೇ ಆರಾಧನೆಗೆ ಹೋಗಿ.

ನಡುವೆ ಒಂದು ದಿನ ತಪ್ಪಿದರೆ ಮರುದಿನದಿಂದ ಮತ್ತೆ ಹಿಡಿಯಿರಿ. ಅವ್ವನ ಪುಸ್ತಕದಲ್ಲೂ ಗೀಟಿಲ್ಲದ ಹೆಸರುಗಳು ಎಷ್ಟೋ ಇದ್ದವು. ಪುಟ ತುಂಬಿದಾಗ ಅವುಗಳನ್ನು ಮುಂದಿನ ಪುಟದ ಮೇಲ್ಗಡೆ ಬರೆದುಕೊಂಡು ಸಾಗುತ್ತಿದ್ದಳು.

ನನ್ನ ಪುಸ್ತಕದಲ್ಲಿ ವೈನಿಯ ಹೆಸರು ಈಗಲೂ ಇದೆ. ಐದನೇ ಸಾಲಿನಿಂದ ಎರಡನೆಯದಕ್ಕೆ ಏರಿದೆ. ಹೋದ ತಿಂಗಳು ಅವರ ಮೊಣಕಾಲಿನ ಆಪರೇಷನ್ ಆಯಿತು. ಇವತ್ತು ಮುಂಜಾನೆ ಚಹಾ ಕುದಿಯುವಾಗ ಅವರ ಹೆಸರು ಓದಿದ್ದೇನೆ. ಗೀಟು ಎಳೆಯುವುದು ಬಾಕಿ ಇದೆ. ಸಂಜೆ ಐದರ ಬಸ್ಸಿಗೆ ಹೋಗಬೇಕು.